ಮೂತ್ರಪಿಂಡದ ದೀರ್ಘಕಾಲೀನ ಕಾಯಿಲೆ: ಅಪಾಯ ನಿಮಗಿದೆಯೇ ಎಂದು ತಿಳಿಯುವ ಬಗೆ

ಮೂತ್ರಪಿಂಡಗಳ ಕೆಲಸ ಅರ್ಧಕ್ಕಿಂತ ಕೆಳಗಿಳಿದ ಮೇಲೂ ಅನೇಕರಿಗೆ ನೋವಾಗಲಿ, ಕಾಲೂತವಾಗಲಿ ಕಾಣಿಸುವುದಿಲ್ಲ. ಆದುದರಿಂದ ಲಕ್ಷಣಗಳಿಗಾಗಿ ಕಾಯದೆ, ಮನೆಯಲ್ಲಿ ಯಾರಿಗೆ ಅಪಾಯ ಹೆಚ್ಚೆಂಬುದನ್ನು ಮೊದಲು ಗುರುತಿಸಿ, ಅಂಥವರಿಗೆ ಪರೀಕ್ಷೆ ಮಾಡಿಸುವುದೇ ಸರಿಯಾದ ಕ್ರಮ.

ಮೊದಲಿಗೆ ನೋಡಬೇಕಾದದ್ದು ಮಧುಮೇಹ ಮತ್ತು ರಕ್ತದೊತ್ತಡ. ಇವೆರಡರಲ್ಲಿ ಒಂದಿದ್ದರೂ ಉಳಿದ ಲೆಕ್ಕಕ್ಕೆ ಕಾಯದೆ ಪರೀಕ್ಷೆ ಮಾಡಿಸಿರಿ. ಅನಂತರ ಕುಟುಂಬದ ಚರಿತ್ರೆಯನ್ನು ವಿಚಾರಿಸಿರಿ: ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ತುಂಬುವ ಆನುವಂಶಿಕ ಕಾಯಿಲೆಯ ಸಾಮಾನ್ಯ ರೂಪವು ತಂದೆ ಅಥವಾ ತಾಯಿಯಲ್ಲಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇಕಡಾ 50. ಅರುವತ್ತು ದಾಟಿದ ವಯಸ್ಸು, ಹೃದ್ರೋಗ, ಬೊಜ್ಜು, ಹೊಗೆಸೊಪ್ಪಿನ ಚಟ, ಮರುಕಳಿಸುವ ಮೂತ್ರಪಿಂಡದ ಕಲ್ಲು, ಬಸಿರಿನಲ್ಲಿ ಏರಿದ ರಕ್ತದೊತ್ತಡ ಇವೂ ಪಟ್ಟಿಗೆ ಸೇರಬೇಕು.

ನಮ್ಮ ಕಾಸರಗೋಡಿನ ಕಡೆಯವರು ಇನ್ನೂ ಕೆಲವನ್ನು ಕೇಳಿಕೊಳ್ಳುವುದು ಒಳ್ಳೆಯದು. ಮಳೆಗಾಲದಲ್ಲಿ ಗದ್ದೆ, ತೋಟಗಳ ಕೆಸರಿನಲ್ಲಿ ದುಡಿಯುವವರಿಗೆ ಬರುವ ಇಲಿಜ್ವರ ಮತ್ತು ಕೊಳಕುಮಂಡಲದ ಕಡಿತ, ಎರಡೂ ಮೂತ್ರಪಿಂಡವನ್ನು ಹಠಾತ್ತನೆ ಕೆಡಿಸಬಲ್ಲವು. ಹಾಗೆ ಕೆಟ್ಟು ಗುಣವಾದವರಲ್ಲಿಯೂ ದೀರ್ಘಕಾಲೀನ ಕಾಯಿಲೆಯ ಅಪಾಯ ಉಳಿಯುತ್ತದೆ. ಗಂಟುನೋವಿಗೆಂದು ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳೂ ಕಡಿಮೆ ಅಪಾಯಕಾರಿಯಲ್ಲ. ಬಿಂಬುಳಿ ಎಂಬ ಹುಳಿಕಾಯಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಸಾರು, ಉಪ್ಪಿನಕಾಯಿಗೆ ಹಾಕುವಷ್ಟರಿಂದ ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಕೊಲೆಸ್ಟರಾಲ್ ಇಳಿಯುತ್ತದೆಂದು ಅದರ ರಸವನ್ನು ಲೋಟಗಟ್ಟಲೆ ಕುಡಿದವರ ಮೂತ್ರಪಿಂಡಗಳಲ್ಲಿ ಆಕ್ಸಲೇಟ್ ಹರಳುಗಟ್ಟಿ ಅವು ಕೆಲಸ ನಿಲ್ಲಿಸಿದ ಪ್ರಕರಣಗಳನ್ನು ಕೇರಳದ ವೈದ್ಯರೇ ದಾಖಲಿಸಿದ್ದಾರೆ. ಮನೆಮದ್ದು ಎಂಬ ಒಂದೇ ಕಾರಣಕ್ಕೆ ಯಾವುದೂ ನಿರಪಾಯಕಾರಿ ಆಗುವುದಿಲ್ಲ.

ಪರೀಕ್ಷೆಗಳು ಎರಡು: ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ. ಕ್ರಿಯಾಟಿನಿನ್ ಎಂದರೆ ಮೂತ್ರಪಿಂಡಗಳು ರಕ್ತದಿಂದ ಸೋಸಿ ಹೊರಹಾಕುವ ತ್ಯಾಜ್ಯ; ಆಲ್ಬುಮಿನ್ ಎಂದರೆ ರಕ್ತದಲ್ಲಿರುವ ಒಂದು ಪ್ರೋಟೀನ್. ಹೆಚ್ಚಿನವರು ಮೊದಲನೆಯದನ್ನಷ್ಟೇ ಮಾಡಿಸಿ, ಅಂಕಿಯ ಪಕ್ಕದಲ್ಲಿ ದಪ್ಪಕ್ಷರ ಇಲ್ಲವೆಂದು ಸಮಾಧಾನಪಟ್ಟುಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎಡವುವುದು ಇಲ್ಲಿಯೇ. ಕ್ರಿಯಾಟಿನಿನ್ ಡೆಸಿಲೀಟರಿಗೆ 1.2 ಮಿಲಿಗ್ರಾಂ ಎಂದು ಬಂದರೆ, ವಯಸ್ಸು, ಲಿಂಗಗಳನ್ನೂ ಸೇರಿಸಿ ಲೆಕ್ಕಹಾಕುವ 2021ರ ಸೂತ್ರದ ಪ್ರಕಾರ, 25 ವರ್ಷದ ಯುವಕನಲ್ಲಿ ಸೋಸುವಿಕೆಯ ಪ್ರಮಾಣ, ಅಂದರೆ ಇ-ಜಿಎಫ್‌ಆರ್, ಸುಮಾರು 86 ಇರುತ್ತದೆ. 65 ವರ್ಷದ ಮಹಿಳೆಯಲ್ಲಿ ಅದೇ 1.2ಕ್ಕೆ ಅದು ಕೇವಲ 50ರ ಆಸುಪಾಸು. ಆದ್ದರಿಂದ ವರದಿಯಲ್ಲಿ ಇ-ಜಿಎಫ್‌ಆರ್ ಬರೆದುಕೊಡುವಂತೆ ಲ್ಯಾಬಿನವರನ್ನು ಕೇಳಿರಿ. ಮೂತ್ರದ ಪರೀಕ್ಷೆಯನ್ನೂ ಬಿಡಬಾರದು, ಏಕೆಂದರೆ ಮಧುಮೇಹಿಗಳಲ್ಲಿ ಕ್ರಿಯಾಟಿನಿನ್ ಏರುವುದಕ್ಕೆ ವರ್ಷಗಳ ಮೊದಲೇ ಆಲ್ಬುಮಿನ್ ಸೋರತೊಡಗಬಹುದು. ಎರಡನೆಯ ವಿಧದ ಮಧುಮೇಹವಿದ್ದವರು ರೋಗ ತಿಳಿದ ವರ್ಷದಿಂದಲೇ, ಪ್ರತಿ ವರ್ಷವೂ ಎರಡನ್ನೂ ಮಾಡಿಸಬೇಕು.

ಇ-ಜಿಎಫ್‌ಆರ್ 60ಕ್ಕಿಂತ ಕಡಿಮೆ, ಅಥವಾ ಅನುಪಾತ ಗ್ರಾಂಗೆ 30 ಮಿಲಿಗ್ರಾಂ ಇಲ್ಲವೇ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಿರಿ. ಅದೇ ಸ್ಥಿತಿ ಮೂರು ತಿಂಗಳಿಗೂ ಮೀರಿ ಉಳಿದರೆ ಮಾತ್ರ ಅದನ್ನು ದೀರ್ಘಕಾಲೀನ ಕಾಯಿಲೆ ಎನ್ನುತ್ತಾರೆ. ಜ್ವರವಿದ್ದಾಗ ಅಥವಾ ಮೂತ್ರದ ಸೋಂಕಿದ್ದಾಗ ಆಲ್ಬುಮಿನ್ ತಾತ್ಕಾಲಿಕವಾಗಿ ಏರುವುದರಿಂದ ಆಗ ಈ ಪರೀಕ್ಷೆ ಬೇಡ.

ವಯಸ್ಸನ್ನೂ ವಂಶವನ್ನೂ ಬದಲಿಸಲಾಗದು, ಉಪ್ಪನ್ನು ಇಳಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಗಂಜಿಯ ಜೊತೆಗಿನ ಮಾವಿನ ಮಿಡಿ, ಹಪ್ಪಳ, ಒಣಮೀನು, ಸರಿಯಾಗಿ ನೆನೆಸಿ ಹಿಂಡದ ಉಪ್ಪುಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ಸೊಳೆ) ಇವೆಲ್ಲವೂ ಆ ಚಮಚದ ಲೆಕ್ಕಕ್ಕೇ ಸೇರುತ್ತವೆ. ಬಿ.ಪಿ. ಮತ್ತು ಸಕ್ಕರೆಯ ಮಾತ್ರೆಗಳನ್ನು, ಅಂಕಿ ಸರಿಯಾಯಿತೆಂದು, ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಮಂಗಳೂರಿನಲ್ಲಿ ಒಬ್ಬರು, ಊರಿನಲ್ಲಿ ಇನ್ನೊಬ್ಬರು ಎಂದು ಇಬ್ಬರು ವೈದ್ಯರಿಂದ ಔಷಧಿ ಪಡೆಯುವವರು ಹಳೆಯ ವರದಿಗಳನ್ನು ಒಂದೇ ಫೈಲಿನಲ್ಲಿಟ್ಟು ಇಬ್ಬರಿಗೂ ತೋರಿಸತಕ್ಕದ್ದು; ನೋವಿನ ಮಾತ್ರೆ ಬರೆಯುವವರಿಗೆ ಅದು ಮುಖ್ಯವಾಗಿ ಬೇಕಾಗುತ್ತದೆ.