ದಲ್ಲಾಳಿ ಇಲ್ಲದೆ ಮನೆ ಮಾರುವವರಿಗೆ ಹೋಂ ಸ್ಟೇಜಿಂಗ್ ಸೇವೆಯನ್ನು ಪರಿಚಯಿಸುವುದು ಹೇಗೆ?

ಬೆಳಗಾವಿಯಲ್ಲಿ ದಲ್ಲಾಳಿಯ ನೆರವಿಲ್ಲದೆ ಸ್ವಂತ ಮನೆ ಮಾರಲು ಹೊರಟವರ ಲೆಕ್ಕ ಸರಳವಾದುದು: ಕಮಿಷನ್ ಹಣ ತಮ್ಮಲ್ಲೇ ಉಳಿಯಬೇಕು. ಆದ್ದರಿಂದ ಹೋಂ ಸ್ಟೇಜಿಂಗ್, ಅಂದರೆ ಮಾರಾಟಕ್ಕೆ ಮುನ್ನ ಮನೆಯನ್ನು ಕೊಳ್ಳುವವರ ಕಣ್ಣಿಗೆ ಒಪ್ಪುವಂತೆ ಸಜ್ಜುಗೊಳಿಸುವ ಸೇವೆಯನ್ನು ಅವರ ಮುಂದಿಡುವಾಗ ಅಲಂಕಾರದ ಮಾತಿನಿಂದ ಆರಂಭಿಸಿದರೆ, ಮತ್ತೊಂದು ಖರ್ಚು ಬಂತೆಂದೇ ಅವರು ಭಾವಿಸುತ್ತಾರೆ. ದಲ್ಲಾಳಿ ಇಲ್ಲದ ಕಾರಣ ಮಾಲೀಕರ ಹೆಗಲಿಗೇ ಬಿದ್ದಿರುವ ಕೆಲಸಗಳಲ್ಲಿ ನೀವು ಹೊರುವುದು ಯಾವುದನ್ನು ಎಂದು ಮೊದಲು ತಿಳಿಸಿರಿ: ಯಾವ ಸಾಮಾನು ತೆಗೆಯಬೇಕು, ಯಾವ ಸೋರಿಕೆ ನಿಲ್ಲಿಸಬೇಕು, ಜಾಹೀರಾತಿನ ಫೋಟೊಗಳನ್ನು ಯಾವ ಹೊತ್ತಿನ ಬೆಳಕಿನಲ್ಲಿ ತೆಗೆಯಬೇಕು.

ಟಿಳಕವಾಡಿ, ಶಹಾಪುರ, ಮಹಾಂತೇಶ ನಗರಗಳಂಥ ಬಡಾವಣೆಗಳಲ್ಲಿ ಗೇಟಿಗೆ ಕಟ್ಟಿದ ‘ಮನೆ ಮಾರಾಟಕ್ಕಿದೆ’ ಫಲಕಗಳೂ ಪತ್ರಿಕೆಗಳ ವರ್ಗೀಕೃತ ಜಾಹೀರಾತುಗಳೂ ಗ್ರಾಹಕರನ್ನು ಹುಡುಕುವ ನೇರ ದಾರಿಗಳು. ಏಜೆಂಟರು ಕರೆ ಮಾಡಬಾರದೆಂದು ಬರೆದಿದ್ದರೆ, ತಾವು ಏಜೆಂಟರಲ್ಲ, ಕಮಿಷನ್ ಪಡೆಯುವುದಿಲ್ಲ ಎಂಬುದೇ ನಿಮ್ಮ ಮೊದಲ ವಾಕ್ಯವಾಗಿರಲಿ. ಕರಪತ್ರವನ್ನು ಕನ್ನಡ ಮತ್ತು ಮರಾಠಿ ಎರಡರಲ್ಲೂ ಅಚ್ಚು ಹಾಕಿಸುವುದು ಈ ಊರಿನಲ್ಲಿ ಅನಿವಾರ್ಯ.

ಆದರೆ ನಿಮ್ಮ ಸೇವೆ ನಿಜವಾಗಿ ಬೇಕಾಗಿರುವುದು ಬೀಗ ಹಾಕಿರುವ ಮನೆಗಳಿಗೆ. ಮಕ್ಕಳು ಪುಣೆ, ಬೆಂಗಳೂರು ಅಥವಾ ವಿದೇಶದಲ್ಲಿ ನೆಲೆಸಿ, ತಂದೆತಾಯಿಯ ಕಾಲದ ಮನೆಯನ್ನು ದೂರದಿಂದಲೇ ಮಾರಲು ಯತ್ನಿಸುತ್ತಿರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಮುಚ್ಚಿದ ಮನೆಯ ಗೋಡೆಗೆ ಬೂಷ್ಟು ಹಿಡಿದು, ಬಾಗಿಲು ಉಬ್ಬಿ, ಒಳಗೆಲ್ಲ ಮುಗ್ಗಲು ವಾಸನೆ ತುಂಬಿರುತ್ತದೆ. ಇಂಥವರಿಗೆ ವಿಡಿಯೊ ಕರೆಯಲ್ಲಿ ಮನೆಯ ಸ್ಥಿತಿಯನ್ನು ಕೋಣೆ ಕೋಣೆಯಾಗಿ ತೋರಿಸಿ, ಕೆಲಸದ ಪಟ್ಟಿಯನ್ನು ಬರೆದು ಕಳುಹಿಸಿದರೆ ಬೇರೆ ಪ್ರಚಾರವೇ ಬೇಕಾಗುವುದಿಲ್ಲ. ಮನೆ ಅಣ್ಣತಮ್ಮಂದಿರ, ಅಕ್ಕತಂಗಿಯರ ಜಂಟಿ ಹೆಸರಿನಲ್ಲಿದ್ದರೆ ಎಲ್ಲರ ಒಪ್ಪಿಗೆ ಸಿಗುವವರೆಗೆ ಒಂದು ಕುರ್ಚಿಯನ್ನೂ ಸರಿಸಬೇಡಿರಿ. ಆಷಾಢದಲ್ಲಿಯೂ ಪಿತೃಪಕ್ಷದಲ್ಲಿಯೂ ಮನೆ ಕೊಳ್ಳುವ ಮಾತುಕತೆಗೆ ಅನೇಕರು ಹಿಂಜರಿಯುತ್ತಾರಾದ್ದರಿಂದ, ದಸರೆಗೆ ಮನೆ ಸಿದ್ಧವಾಗಿರಬೇಕೆಂದು ಶ್ರಾವಣದಲ್ಲಿಯೇ ಮಾಲೀಕರಿಗೆ ತಿಳಿಸುವುದು ಜಾಣತನ.

ತೇವದ ಗೋಡೆಗೆ ಬಣ್ಣ ಬಳಿದು ಮರೆಮಾಚುವ ಕೆಲಸವನ್ನು ಮಾತ್ರ ಎಷ್ಟು ಹಣ ಕೊಟ್ಟರೂ ಒಪ್ಪಿಕೊಳ್ಳಬಾರದು. ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣಲಾಗದ, ತನಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವರು ತಿಳಿಸಲೇಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಹೇಳುತ್ತದೆ. ಈ ಮಾತನ್ನು ನೀವೇ ಮುಂದಾಗಿ ಹೇಳಿದರೆ ಮಾಲೀಕರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ.

ವಾಸವಿರುವ ಮನೆಗೆ ಹೋದಾಗ ಮಾತಿನಲ್ಲಿ ನಯವಿರಲಿ. ಹಿರಿಯರು ಕಟ್ಟಿಸಿದ ಮನೆಯನ್ನು ‘ಚೆನ್ನಾಗಿಲ್ಲ’ ಎಂದವರಿಗೆ ಅಲ್ಲಿ ಎರಡನೆಯ ಸಲ ಚಹಾ ಸಿಗುವುದಿಲ್ಲ. ದೇವರ ಕೋಣೆಯನ್ನೂ ಹಿರಿಯರ ಫೋಟೊಗಳನ್ನೂ ಮುಟ್ಟುವ ಮುನ್ನ ಮನೆಯ ಹಿರಿಯರನ್ನೇ ಕೇಳಬೇಕು.

ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್ ಸಂಸ್ಥೆಯ 2023ರ ವರದಿಯಲ್ಲಿ, ಸಜ್ಜುಗೊಳಿಸಿದ ಮನೆಯಲ್ಲಿ ತಾವು ವಾಸಿಸುವುದನ್ನು ಊಹಿಸಿಕೊಳ್ಳುವುದು ಕೊಳ್ಳುವವರಿಗೆ ಸುಲಭ ಎಂದು ಕೊಳ್ಳುವವರ ಕಡೆಯ ಏಜೆಂಟರಲ್ಲಿ ಶೇ 81ರಷ್ಟು ಮಂದಿ ಅಭಿಪ್ರಾಯಪಟ್ಟಿದ್ದರು. ಹಾಲ್‌ಗೆ ಮೊದಲ ಸ್ಥಾನ, ಅನಂತರ ಮುಖ್ಯ ಮಲಗುವ ಕೋಣೆ ಮತ್ತು ಅಡುಗೆಮನೆಗೆ ಪ್ರಾಶಸ್ತ್ಯ ಸಿಕ್ಕಿತ್ತು. ಇದು ಅಲ್ಲಿನ ಏಜೆಂಟರ ಅಭಿಪ್ರಾಯವೇ ಹೊರತು ಬೆಳಗಾವಿಯ ಬೆಲೆಗೆ ಖಾತರಿಯಲ್ಲ. ಹಣ ಕಡಿಮೆ ಇರುವ ಮಾಲೀಕರಿಗೆ ಹಾಲ್‌ನಿಂದ ಆರಂಭಿಸಲು ಸಲಹೆ ಕೊಡುವಷ್ಟಕ್ಕೆ ಇದನ್ನು ಬಳಸಿಕೊಳ್ಳಬಹುದು.

ಶುಲ್ಕವನ್ನು ಮಾರಾಟದ ಬೆಲೆಯ ಶೇಕಡಾವಾರಿನಲ್ಲಿ ಕೇಳಿದರೆ ನೀವೂ ದಲ್ಲಾಳಿಯಂತೆಯೇ ಕಾಣುತ್ತೀರಿ. ಮನೆ ನೋಡಿ ಲಿಖಿತ ಪಟ್ಟಿ ಕೊಡುವುದಕ್ಕೆ ಒಂದು ಸಣ್ಣ ನಿಗದಿತ ಮೊತ್ತ, ಪಟ್ಟಿಯ ಕೆಲಸವನ್ನು ನಿಮ್ಮಿಂದಲೇ ಮಾಡಿಸಿದರೆ ಆ ಮೊತ್ತ ಒಟ್ಟು ಬಿಲ್ಲಿನಲ್ಲಿ ವಜಾ ಎಂಬ ಏರ್ಪಾಡು ಸೂಕ್ತ. ಸಾಮಾನು ಬಾಡಿಗೆಗೆ ತಂದಿದ್ದರೆ ಅದರ ಅವಧಿಯನ್ನೂ, ಮನೆ ಅಷ್ಟರೊಳಗೆ ಮಾರಾಟವಾಗದಿದ್ದರೆ ಮುಂದಿನ ಬಾಡಿಗೆಯನ್ನು ಯಾರು ಭರಿಸಬೇಕೆಂಬುದನ್ನೂ ಆ ಪಟ್ಟಿಯಲ್ಲೇ ಬರೆದು ಸಹಿ ಪಡೆಯಿರಿ.