ಐಪಿ ಖಾಲಿ ಆಗೋಕೆ ಮುಂಚೆ ಗೊತ್ತಾಗ್ಬೇಕಾ? ಡಿಎಚ್‌ಸಿಪಿ ಪೂಲ್‌ಗೆ ಅಲರ್ಟ್ ಹೀಗೆ ಸೆಟ್ ಮಾಡಿ

ವೈಫೈ ಸಿಗ್ನಲ್ ಫುಲ್ ಇರತ್ತೆ, ನೆಟ್ ಮಾತ್ರ ಬರಲ್ಲ, ಲ್ಯಾಪ್‌ಟಾಪಲ್ಲಿ ಐಪಿ ನೋಡಿದ್ರೆ 169.254 ಅಂತ ಶುರುವಾಗಿರತ್ತೆ. ಡಿಎಚ್‌ಸಿಪಿ ಸರ್ವರಿಂದ (ನೆಟ್‌ವರ್ಕಿಗೆ ಸೇರೋ ಡಿವೈಸ್‌ಗಳಿಗೆ ಐಪಿ ಹಂಚೋ ಸರ್ವರ್) ಅಡ್ರೆಸ್ ಸಿಗ್ದೆ ವಿಂಡೋಸ್ ತಾನೇ ಒಂದು ಹಾಕ್ಕೊಂಡಿದೆ ಅಂತ ಅರ್ಥ, ಬಹಳ ಸಲ ಇದಕ್ಕೆ ಕಾರಣ ಪೂಲ್ ತುಂಬಿ ಹೋಗಿರೋದು, ಅಂದ್ರೆ ಹಂಚೋಕೆ ಇಟ್ಟಿರೋ ಅಡ್ರೆಸ್‌ಗಳೆಲ್ಲಾ ಖಾಲಿಯಾಗಿರೋದು. ಇದ್ರಲ್ಲಿ ತಲೆನೋವು ಏನಂದ್ರೆ ಬೆಳಿಗ್ಗೆನೇ ಐಪಿ ತಗೊಂಡೋರಿಗೆ ಏನೂ ಆಗಲ್ಲ, ಆಮೇಲೆ ಬಂದೋರಿಗೆ ಮಾತ್ರ ತೊಂದ್ರೆ, ಹಾಗಾಗಿ "ನಂಗೆ ಬರ್ತಿದೆಯಲ್ಲ, ನಿಂದೇ ಏನೋ ಪ್ರಾಬ್ಲಮ್" ಅಂತ ಅರ್ಧ ದಿನ ಕಳೆದುಹೋಗತ್ತೆ.

ಅಲರ್ಟ್ ಹಾಕೋಕೆ ಮುಂಚೆ ಒಂದು ಲೆಕ್ಕ ಮಾಡ್ಕೊಳ್ಳಿ. ಗೆಸ್ಟ್ ವೈಫೈಗೆ ಒಂದು /24 (256 ಅಡ್ರೆಸ್ಸಿನ ಸಬ್‌ನೆಟ್, ಅಂದ್ರೆ ನೆಟ್‌ವರ್ಕಿನ ಒಂದು ಭಾಗ) ಇದೆ ಅಂದ್ಕೊಳ್ಳಿ, ಬಳಸೋಕೆ ಸಿಗೋದು 254, ಗೇಟ್‌ವೇ ಪ್ರಿಂಟರ್ ಅಂತ 14 ಪಕ್ಕಕ್ಕಿಟ್ರೆ ಪೂಲಲ್ಲಿ 240. ವಿಂಡೋಸ್ ಸರ್ವರಲ್ಲಿ ಡೀಫಾಲ್ಟ್ ಲೀಸ್ (ಒಂದು ಅಡ್ರೆಸ್ ಒಂದು ಡಿವೈಸಿನ ಹೆಸರಲ್ಲಿರೋ ಅವಧಿ) 8 ದಿನ. ದಿನಕ್ಕೆ 60 ಹೊಸ ಫೋನ್ ಬಂದು ಹೋದ್ರೂ ಸಾಕು, ಫೋನ್ ಮನೆಗೆ ಹೋಗಿರತ್ತೆ ಆದ್ರೆ ಅಡ್ರೆಸ್ ಮಾತ್ರ ಅದ್ರ ಹೆಸರಲ್ಲೇ ಕೂತಿರತ್ತೆ, ನಾಲ್ಕನೇ ದಿನಕ್ಕೆ 240ನೂ ಖತಂ. ಅದೇ ಲೀಸ್ 4 ಗಂಟೆ ಇಟ್ರೆ ಅದೇ ಪೂಲ್ ಆರಾಮಾಗಿ ಸಾಕಾಗತ್ತೆ. ಹಾಗಾಗಿ ಗೆಸ್ಟ್ ನೆಟ್‌ವರ್ಕಲ್ಲಿ ಮೊದ್ಲು ಲೀಸ್ ಟೈಮ್ ಸರಿ ಮಾಡಿ, ಇಲ್ಲಾಂದ್ರೆ ಅಲರ್ಟ್ ವಾರವಾರ ಹೊಡ್ಕೊಳ್ತಾ ಇರತ್ತೆ, ಆಮೇಲೆ ಯಾರೂ ಅದನ್ನ ತಿರುಗಿ ಕೂಡ ನೋಡಲ್ಲ.

ಈಗ ಥ್ರೆಶೋಲ್ಡ್, ಅಂದ್ರೆ ಪೂಲ್ ಎಷ್ಟು ತುಂಬಿದ್ರೆ ಅಲರ್ಟ್ ಹೊಡೀಬೇಕು ಅನ್ನೋ ಮಿತಿ. ಎಲ್ಲರೂ 80 ಪರ್ಸೆಂಟ್ ಅಂತ ಹಾಕ್ಬಿಡ್ತಾರೆ, ನನ್ ಪ್ರಕಾರ ಅದೊಂದೇ ಸಾಲಲ್ಲ. 240ರ ಪೂಲಲ್ಲಿ 80 ಪರ್ಸೆಂಟ್ ಅಂದ್ರೆ ಇನ್ನೂ 48 ಉಳಿದಿದೆ, 10 ಅಡ್ರೆಸ್ಸಿನ ಚಿಕ್ಕ ಪೂಲಲ್ಲಿ ಉಳಿಯೋದು ಎರಡೇ, 2000ದ ಪೂಲಲ್ಲಿ 400 ಉಳಿದಿರತ್ತೆ, ಅದಕ್ಕೆ ರಾತ್ರಿ ಯಾರನ್ನೂ ಎಬ್ಬಿಸೋ ಅಗತ್ಯ ಇಲ್ಲ. ಅದಕ್ಕೆ ಪರ್ಸೆಂಟ್ ಜೊತೆ "ಫ್ರೀ ಎಷ್ಟಿದೆ" ಅನ್ನೋದನ್ನೂ ಕಂಡೀಷನ್‌ಗೆ ಸೇರಿಸಿ. ಜೊತೆಗೆ ಎಷ್ಟು ಸ್ಪೀಡಾಗಿ ತುಂಬ್ತಿದೆ ಅನ್ನೋದೂ ಮುಖ್ಯ, 48 ಫ್ರೀ ಇದ್ದು ಗಂಟೆಗೆ 10 ಹೋಗ್ತಿದ್ರೆ ನಿಮ್ ಹತ್ರ ಐದು ಗಂಟೆನೂ ಇಲ್ಲ. ಪ್ರೊಮಿಥಿಯಸ್ ಅನ್ನೋ ಮಾನಿಟರಿಂಗ್ ಟೂಲ್ ಬಳಸೋರಿಗೆ ಪ್ರಿಡಿಕ್ಟ್-ಲೀನಿಯರ್ ಫಂಕ್ಷನ್ ಇರೋದೇ ಈ ಥರದ ಲೆಕ್ಕಕ್ಕೆ. ಇನ್ನು 80ಕ್ಕೆ ಹೊಡೆದ ಅಲರ್ಟ್ 79ಕ್ಕೇ ಕ್ಲಿಯರ್ ಆಗ್ಬಾರ್ದು, 70ಕ್ಕೆ ಇಳಿದ್ಮೇಲೆ ಆಗ್ಲಿ, ಮತ್ತೆ 15 ನಿಮಿಷ ಅದೇ ಸ್ಥಿತಿ ಇದ್ರೆ ಮಾತ್ರ ಮೆಸೇಜ್ ಹೋಗ್ಲಿ.

ಸಿಸಿಟಿವಿ ಪೂಲ್ ಯಾವಾಗ್ಲೂ 95 ಪರ್ಸೆಂಟ್ ಇರತ್ತೆ, ಕ್ಯಾಮೆರಾಗಳು ಎಲ್ಲೂ ಹೋಗಲ್ಲ. ಅಲ್ಲಿ ಪರ್ಸೆಂಟ್ ಅಲರ್ಟ್ ತೆಗೆದು, ಹೊಸ ಲೀಸ್ ಬಂದ್ರೆ ಹೇಳೋ ಅಲರ್ಟ್ ಹಾಕಿ, ಅದು ಉಪಯೋಗಕ್ಕೆ ಬರತ್ತೆ.

ಸೆಟಪ್ ಕಷ್ಟ ಏನಿಲ್ಲ. ವಿಂಡೋಸ್ ಸರ್ವರಲ್ಲಿ ಪವರ್‌ಶೆಲ್‌ನ ಗೆಟ್-ಡಿಎಚ್‌ಸಿಪಿಸರ್ವರ್‌ವಿ4ಸ್ಕೋಪ್‌ಸ್ಟ್ಯಾಟಿಸ್ಟಿಕ್ಸ್ ಕಮಾಂಡ್ ಪ್ರತಿ ಸ್ಕೋಪಿಗೂ (ವಿಂಡೋಸಲ್ಲಿ ಒಂದು ಸಬ್‌ನೆಟ್ಟಿನ ಪೂಲಿಗೆ ಹೇಳೋ ಹೆಸರು) ಫ್ರೀ, ಇನ್-ಯೂಸ್, ಪರ್ಸೆಂಟೇಜ್ ಎಲ್ಲಾ ಕೊಡತ್ತೆ, 5 ನಿಮಿಷಕ್ಕೊಮ್ಮೆ ಓಡೋ ಹಾಗೆ ಟಾಸ್ಕ್ ಶೆಡ್ಯೂಲರಲ್ಲಿ ಹಾಕಿ, ಔಟ್‌ಪುಟ್ ನಿಮ್ ಮಾನಿಟರಿಂಗ್ ಟೂಲಿಗೆ ಕಳ್ಸಿ. ಸ್ಕ್ರಿಪ್ಟ್ ಬೇಡ ಅನ್ನೋರು ವಿಂಡೋಸ್ ಲಾಗಲ್ಲಿ ಇವೆಂಟ್ 1020 ಮತ್ತು 1063 ಮೇಲೆ ಕಣ್ಣಿಡಿ, ಮೊದಲ್ನೇದು ಸ್ಕೋಪ್ ತುಂಬ್ತಾ ಬಂದಿದೆ ಅಂತ, ಎರಡ್ನೇದು ಒಂದೂ ಉಳಿದಿಲ್ಲ ಅಂತ. ಸಿಸ್ಕೋ ಐಓಎಸ್ ರೂಟರೇ ಐಪಿ ಕೊಡ್ತಿದ್ರೆ ಪೂಲ್ ಒಳಗೆ "ಯುಟಿಲೈಸೇಷನ್ ಮಾರ್ಕ್ ಹೈ 80 ಲಾಗ್", "ಲೋ 70 ಲಾಗ್" ಅಂತ ಎರಡು ಲೈನ್ ಸಾಕು. ಆದ್ರೆ ಈ ಲಾಗ್ ಬರೋದು ಲೆವೆಲ್ 6ರಲ್ಲಿ, ನಿಮ್ ಸಿಸ್‌ಲಾಗ್ ಟ್ರ್ಯಾಪ್ (ಯಾವ ಲೆವೆಲ್ ತನಕದ ಲಾಗ್ ಆಚೆ ಕಳಿಸ್ಬೇಕು ಅನ್ನೋ ಸೆಟ್ಟಿಂಗ್) ವಾರ್ನಿಂಗ್ ಲೆವೆಲ್ಲಿಗೆ, ಅಂದ್ರೆ 4ಕ್ಕೆ ಇಟ್ಟಿದ್ರೆ ಆ ಮೆಸೇಜ್ ರೂಟರ್ ದಾಟಿ ಆಚೆ ಬರೋದೇ ಇಲ್ಲ, ಇದನ್ನ ಖಂಡಿತ ಚೆಕ್ ಮಾಡಿ. ಕೀಯಾ (ಇನ್ನೊಂದು ಡಿಎಚ್‌ಸಿಪಿ ಸರ್ವರ್ ಸಾಫ್ಟ್‌ವೇರ್) ಆದ್ರೆ ಸ್ಟಾಟ್-ಕಮಾಂಡ್ಸ್ ಹುಕ್ ಲೋಡ್ ಮಾಡಿದ್ರೆ ಸಬ್‌ನೆಟ್ ಪ್ರಕಾರ ಲೆಕ್ಕ ಸಿಗತ್ತೆ.

ಅಲರ್ಟ್ ಬಂತು, ಮುಂದೇನು? ಲೀಸ್ ಲಿಸ್ಟ್ ತೆಗೀರಿ. ಬ್ಯಾಡ್-ಅಡ್ರೆಸ್ ಅನ್ನೋ ಎಂಟ್ರಿಗಳು ತುಂಬಿದ್ರೆ ಯಾರೋ ಪೂಲ್ ಒಳಗಿನ ಐಪಿನೇ ಕೈಯಲ್ಲಿ ಸ್ಟ್ಯಾಟಿಕ್ ಹಾಕಿರೋ ಸಾಧ್ಯತೆ ಜಾಸ್ತಿ. ಮ್ಯಾಕ್ ಅಡ್ರೆಸ್ಸಿನ (ನೆಟ್‌ವರ್ಕಲ್ಲಿ ಡಿವೈಸಿನ ಗುರುತಿನ ನಂಬರ್) ಎರಡನೇ ಅಕ್ಷರ 2, 6, ಎ ಅಥವಾ ಇ ಇದ್ರೆ ಅದು ಹೆಚ್ಚಾಗಿ ರ‍್ಯಾಂಡಮ್ ಮ್ಯಾಕ್ (ಡಿವೈಸ್ ತಾನೇ ಹುಟ್ಟಿಸ್ಕೊಂಡಿದ್ದು), ಆಂಡ್ರಾಯ್ಡ್ 10 ಮತ್ತು ಆಪಲ್ ಐಓಎಸ್ 14ರಿಂದೀಚೆ ಫೋನ್‌ಗಳಲ್ಲಿ ಇದು ಮಾಮೂಲು, ಒಂದೇ ಫೋನ್ ಎರಡು ವೈಫೈ ಹೆಸರಲ್ಲಿ ಎರಡು ಮ್ಯಾಕ್ ತೋರ್ಸತ್ತೆ. ಆದ್ರೆ ಐದೇ ನಿಮಿಷದಲ್ಲಿ ನೂರಾರು ಹೊಸ ಮ್ಯಾಕ್, ಹೋಸ್ಟ್‌ನೇಮ್ ಒಂದಕ್ಕೂ ಇಲ್ಲ, ಎಲ್ಲಾ ಒಂದೇ ಸ್ವಿಚ್ ಪೋರ್ಟಿಂದ ಅಂದ್ರೆ ಬೇಕಂತ್ಲೇ ಪೂಲ್ ಖಾಲಿ ಮಾಡ್ತಿರಬಹುದು, ಪೋರ್ಟ್ ಶಟ್ ಮಾಡಿ, ಪೋರ್ಟ್ ಸೆಕ್ಯೂರಿಟಿ ಮತ್ತು ಡಿಎಚ್‌ಸಿಪಿ ಸ್ನೂಪಿಂಗ್ (ಸ್ವಿಚ್ಚಲ್ಲೇ ಇಂಥದ್ದನ್ನ ತಡೆಯೋ ಸೆಟ್ಟಿಂಗ್‌ಗಳು) ಆನ್ ಇದ್ಯಾ ನೋಡಿ.

ಇದ್ಯಾವುದೂ ಅಲ್ಲ, ನಿಜವಾಗ್ಲೂ ಜನ ಜಾಸ್ತಿ ಆಗಿದಾರೆ ಅಂದ್ರೆ ಪೂಲ್ ದೊಡ್ಡದು ಮಾಡ್ಬೇಕು, ಅದಕ್ಕೆ ಟೈಮ್ ಬೇಕು. ವಿಂಡೋಸ್ ಸ್ಕೋಪಲ್ಲಿ ಸಬ್‌ನೆಟ್ ಮಾಸ್ಕ್ (ಸಬ್‌ನೆಟ್ ಎಷ್ಟು ದೊಡ್ಡದು ಅಂತ ಹೇಳೋದು) ಬದಲಾಯಿಸೋಕೆ ಆಗಲ್ಲ, /24ನ /23 ಮಾಡ್ಬೇಕಂದ್ರೆ ಸ್ಕೋಪ್ ಅಳಿಸಿ ಹೊಸದಾಗಿ ಮಾಡ್ಬೇಕು, ಗೇಟ್‌ವೇ ಮಾಸ್ಕೂ ಬದಲಾಗ್ಬೇಕು. ತುಂಬಿದ್ಮೇಲೆ ಲೀಸ್ ಟೈಮ್ ಕಮ್ಮಿ ಮಾಡಿದ್ರೂ ತಕ್ಷಣ ಏನೂ ಆಗಲ್ಲ, ಹಳೇ ಲೀಸ್‌ಗಳು ಹಳೇ ಟೈಮಲ್ಲೇ ಇರ್ತಾವೆ, ಕ್ಲೈಂಟ್ ರಿನ್ಯೂ ಮಾಡೋದು ಅರ್ಧ ಅವಧಿ ಮುಗಿದ್ಮೇಲೆ, ಅಂದ್ರೆ 8 ದಿನದ ಲೀಸಿಗೆ 4 ದಿನ. ಮೊದಲ ವಾರ್ನಿಂಗ್ ಬೇಗ ಬರ್ಬೇಕು ಅನ್ನೋದು ಇದಕ್ಕೇ.

ಎಲ್ಲಾ ಆದ್ಮೇಲೆ ಒಂದು ಸ್ಕೋಪಿಗೆ ಥ್ರೆಶೋಲ್ಡ್ 10 ಪರ್ಸೆಂಟ್‌ಗೆ ಇಳಿಸಿ ನೋಡಿ, ಡ್ಯೂಟಿಲಿರೋರ ಫೋನಿಗೆ ಮೆಸೇಜ್ ಬಂತಾ, ಅದ್ರಲ್ಲಿ ಸ್ಕೋಪ್ ಹೆಸರು, ವಿಎಲ್ಯಾನ್, ಫ್ರೀ ಎಷ್ಟು ಅಂತ ಇದ್ಯಾ ಚೆಕ್ ಮಾಡಿ, ಆಮೇಲೆ ಮತ್ತೆ 80ಕ್ಕೆ ಏರ್ಸಿ.