ಆಲೂಗಡ್ಡೆ ಹಿಡಿದು ಮೂರು ವಿಷಯ ಓದಿದ್ದು

ಹಾಸನದಲ್ಲಿ ಅರ್ಥಶಾಸ್ತ್ರದ ಪಿಎಚ್‌ಡಿಗೆ ಸೇರಿದಾಗ ನಾನು ಆರಿಸಿಕೊಂಡ ವಿಷಯ ಆಲೂಗಡ್ಡೆ ಬೆಳೆಗಾರರ ಖರ್ಚು ಮತ್ತು ಸಾಲ. ಈ ಜಿಲ್ಲೆಯವರಿಗೆ ಆ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬರುತ್ತದೆ. ಅಲ್ಲಿ ಅದು ಚಳಿಗಾಲದ ಬೆಳೆ, ನಮ್ಮಲ್ಲಿ ಮಳೆಗಾಲದ್ದು. ಮೋಡ ಮುಚ್ಚಿ ಜಿಟಿಜಿಟಿ ಮಳೆ ಹಿಡಿದರೆ ಎಲೆ ಕೊಳೆಸುವ ಅಂಗಮಾರಿ ರೋಗ ಬಂತು ಅಂತಲೇ ಲೆಕ್ಕ. ಬೇಸತ್ತು ಮುಸುಕಿನ ಜೋಳಕ್ಕೆ ಹೋದವರು ಎಷ್ಟೋ ಜನ.

ರೋಗ, ಮಳೆ, ಸಾಲ ಇಷ್ಟನ್ನೂ ಒಂದೇ ವಿಭಾಗದ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ಸಸ್ಯರೋಗಶಾಸ್ತ್ರ ಓದುತ್ತಿದ್ದ ಒಬ್ಬ ಗೆಳತಿ, ಎಂಸಿಎ ಮಾಡುತ್ತಿದ್ದ ಒಬ್ಬ ಹುಡುಗ ಮತ್ತು ನಾನು ಶನಿವಾರ ಮಧ್ಯಾಹ್ನ ಒಟ್ಟಿಗೆ ಕೂರಲು ಶುರು ಮಾಡಿದೆವು. ಇದ್ದದ್ದು ಒಂದೇ ಕಟ್ಟಳೆ. ಯಾರೂ ಸ್ಲೈಡ್ ತೋರಿಸುವ ಹಾಗಿಲ್ಲ, ಆ ವಾರ ಕೈಗೆ ಸಿಕ್ಕಿದ್ದನ್ನು ಹಾಗೇ ಮೇಜಿನ ಮೇಲೆ ಇಡಬೇಕು. ನಾನು ತುಂಬಿಸಿದ ಪ್ರಶ್ನಾವಳಿ, ಅವಳು ಹೊಲದಿಂದ ಕಿತ್ತು ತಂದ ಎಲೆ, ಅವನು ಮಳೆಯ ಅಂಕಿಅಂಶ. ಮುಗಿಸಿ ತಂದ ಕೆಲಸಕ್ಕೆ ಎಲ್ಲರೂ ತಲೆ ಆಡಿಸಿ ಚೆನ್ನಾಗಿದೆ ಅನ್ನುತ್ತಾರೆ. ಅರ್ಧದಲ್ಲಿರುವ ಕೆಲಸ ಕಂಡರೆ ಮಾತ್ರ ಪ್ರಶ್ನೆ ಕೇಳುತ್ತಾರೆ. ನಮಗೆ ಬೇಕಾಗಿದ್ದು ಆ ಪ್ರಶ್ನೆಗಳೇ.

ಒಂದು ದಿನ ಗೆಳತಿ ಅಂಗಮಾರಿ ಹತ್ತಿದ ಎಲೆ ತಂದು ಮಗುಚಿ ತೋರಿಸಿದಳು. ಮೇಲುಗಡೆ ನೀರಿಳಿದಂತೆ ಕಾಣುವ ಕಂದು ಮಚ್ಚೆ. ಅಡಿಯಲ್ಲಿ, ಮಚ್ಚೆಯ ಅಂಚಿಗೆ ತೆಳ್ಳನೆಯ ಬಿಳಿ ಬೂಷ್ಟು. ಇದಕ್ಕೆ ಹೊಡೆಯುವ ಮ್ಯಾಂಕೊಜೆಬ್ ಅನ್ನುವ ಔಷಧಿ ಎಲೆಯ ಮೇಲೆ ಕೂತು ರೋಗ ಒಳಗೆ ಬಾರದಂತೆ ತಡೆಯುತ್ತದೆ, ಒಳಗೆ ಹೊಕ್ಕ ಮೇಲೆ ಅದರಿಂದ ಪ್ರಯೋಜನ ಇಲ್ಲ, ಜೋರು ಮಳೆ ಬಂದರೆ ತೊಳೆದೂ ಹೋಗುತ್ತದೆ ಅಂದಳು. ಔಷಧಿಗೆ ಎಷ್ಟು ಖರ್ಚಾಯಿತು ಅನ್ನುವ ಕಾಲಂ ನನ್ನ ಪ್ರಶ್ನಾವಳಿಯಲ್ಲಿತ್ತು. ಅದರ ಪಕ್ಕದಲ್ಲೇ ಯಾವ ತಾರೀಖು ಹೊಡೆದರು ಅನ್ನುವ ಕಾಲಂ ಸೇರಿಸಿದೆ. ಎಂಸಿಎ ಹುಡುಗ ಆ ತಾರೀಖುಗಳನ್ನು ಹೋಬಳಿವಾರು ಮಳೆಯ ಜೊತೆ ಜೋಡಿಸಿಕೊಟ್ಟ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಹೋಬಳಿ, ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಇವೆ. ಹಾಗಾಗಿ ಅದು ಸಾಧ್ಯವಾಯಿತು.

ಜೋಡಿಸಿ ನೋಡಿದರೆ, ಮಚ್ಚೆ ಕಂಡ ಮೇಲೆ ಔಷಧಿ ಹೊಡೆದವರೇ ಜಾಸ್ತಿ. ರೈತರಿಗೆ ಮಾಹಿತಿ ಕಡಿಮೆ ಅಂತ ಗೆಳತಿಗೆ ಅನಿಸಿತು. ದುದ್ದದ ಕಡೆ ಒಬ್ಬ ವಯಸ್ಸಾದ ತಾಯಿಯನ್ನು ಕೇಳಿದೆವು. 'ಗೊತ್ತಿಲ್ದೆ ಅಲ್ಲ ಕಣವ್ವ, ಬಿತ್ತನೆ ಗಡ್ಡೆ ತಂದ ಸಾಲನೇ ತೀರಿಲ್ಲ. ಔಷ್ದಿ ಅಂಗ್ಡಿಗೆ ಯಾವ ಮುಖ ಇಟ್ಕೊಂಡು ಹೋಗದು?' ಅಂದರು. ಆಲೂಗಡ್ಡೆಯಲ್ಲಿ ಎಲ್ಲಕ್ಕಿಂತ ದೊಡ್ಡ ಖರ್ಚು ಬಿತ್ತನೆ ಗಡ್ಡೆಯದ್ದು. ಅದು ಮೊದಲ ದಿನವೇ ಕೈಬಿಟ್ಟು ಹೋಗುತ್ತದೆ. ಔಷಧಿ ಹೊಡೆಯುವ ಹೊತ್ತಿಗೆ ಕೈ ಖಾಲಿ. ಅಲ್ಲಿಂದ ನನ್ನ ಪ್ರಬಂಧದ ಪ್ರಶ್ನೆಯೇ ತಿರುಗಿತು. ಸಾಲ ಎಷ್ಟು ಅನ್ನುವುದಕ್ಕಿಂತ ಯಾವ ವಾರ ಕೈಗೆ ಬಂತು ಅನ್ನುವುದನ್ನು ಹಿಡಿದೆ. ಗೆಳತಿಯೂ ಊರಿನ ಸಭೆಗಳಲ್ಲಿ, ಗಡ್ಡೆ ಕೊಳ್ಳುವಾಗಲೇ ಮೊದಲ ಸಿಂಪಡಣೆಗೆ ದುಡ್ಡು ಎತ್ತಿಡಿ ಅಂತ ಹೇಳತೊಡಗಿದಳು.

ಆ ಸಭೆಗಳಲ್ಲಿ ನಾನೂ ಮಾತಾಡಬೇಕಿತ್ತು. ಅರಳಿಕಟ್ಟೆ ಮುಂದೆ ನಿಂತು ಸೀಮಾಂತ ವೆಚ್ಚ ಅಂದರೆ ಯಾರು ಕೇಳುತ್ತಾರೆ? ಇನ್ನೊಂದು ಸಲ ಔಷಧಿ ಹೊಡೆದರೆ ಎಷ್ಟು ಹೋಗುತ್ತೆ, ಎಷ್ಟು ಉಳಿಯುತ್ತೆ ಅಂತ ಲೆಕ್ಕ ಬರೆದು ತೋರಿಸಿದೆ. ಪಾಠ ಹೇಳುವ, ಬರೆಯುವ ತರಬೇತಿ ಯಾವ ವಿಷಯದ ಸಂಶೋಧಕರಿಗೂ ಇರಲೇಬೇಕು ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಪಿಎಚ್‌ಡಿ ನಿಯಮದಲ್ಲಿ ಹೇಳಿದೆ. ವಾರಕ್ಕೆ 4ರಿಂದ 6 ಗಂಟೆ ಬೋಧನೆ ಅಥವಾ ಸಂಶೋಧನಾ ಸಹಾಯದ ಕೆಲಸ ಕೊಡಲೂ ಅವಕಾಶವಿದೆ. ಒಳ್ಳೆಯ ನಿಯಮ. ಆದರೆ ನಿಜವಾದ ತರಬೇತಿ ನನಗೆ ಸಿಕ್ಕಿದ್ದು ಆ ಕಟ್ಟೆಯ ಮುಂದೆ. ಮುಂದೆ ಕೆಲಸದ ಸಂದರ್ಶನದಲ್ಲಿ ನಿಮ್ಮ ಸಂಶೋಧನೆ ಏನು ಅಂತ ಬೇರೆ ವಿಷಯದವರು ಕೇಳಿದಾಗ ಸಲೀಸಾಗಿ ಹೇಳಿದೆ.

ಈ ದಾರಿ ಹಿಡಿಯುವವರು ಮೊದಲು ಗೈಡ್ ಹತ್ತಿರ ಮಾತಾಡಿ. 'ಇದು ಅರ್ಥಶಾಸ್ತ್ರವೋ ಕೃಷಿಯೋ' ಅಂತ ಸಮಿತಿಯಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಪ್ರಬಂಧದ ಮುಖ್ಯ ಪ್ರಶ್ನೆ ನಿಮ್ಮ ವಿಷಯದ್ದೇ ಆಗಿರಲಿ, ಉತ್ತರಕ್ಕೆ ಬೇಕಾದ್ದನ್ನು ಬೇರೆಯವರಿಂದ ಪಡೆಯಿರಿ. ಪಡೆದದ್ದನ್ನು ಅವರ ಹೆಸರು ಹೇಳಿ ಬರೆಯಿರಿ.

ಜಂಟಿ ಲೇಖನ ಬರೆಯುವುದಾದರೆ ಯಾರ ಹೆಸರು ಮೊದಲು, ಅಂಕಿಅಂಶ ಯಾರ ಹತ್ತಿರ ಇರುತ್ತದೆ ಅಂತ ಆರಂಭದಲ್ಲೇ ಬರೆದಿಟ್ಟುಕೊಳ್ಳಿ. ಸ್ನೇಹ ಇದೆ, ಆಮೇಲೆ ನೋಡಿಕೊಂಡರಾಯಿತು ಅಂತ ಬಿಡಬೇಡಿ. ನಾವು ಒಂದು ಹಾಳೆಯಲ್ಲಿ ಬರೆದು ಮೂವರೂ ಸಹಿ ಹಾಕಿದ್ದೆವು.

ಬೆಳೆಯ ಮೇಲೆ ಕೆಲಸ ಮಾಡುವವರಾದರೆ ಏಪ್ರಿಲ್ ಹೊತ್ತಿಗೇ ಗುಂಪು ಕಟ್ಟಿಕೊಳ್ಳಿ. ಮೇ ತಿಂಗಳಲ್ಲಿ ಎಪಿಎಂಸಿಯಲ್ಲಿ ಬಿತ್ತನೆ ಗಡ್ಡೆ ವ್ಯಾಪಾರ ನಡೆಯುವಾಗ ಮೂವರೂ ಅಲ್ಲಿರಬೇಕು. ಯಾರು ಯಾರಿಂದ ಸಾಲ ತಂದು ಎಷ್ಟು ಚೀಲ ಕೊಂಡರು ಅನ್ನುವುದು ಆಗ ಕಣ್ಣೆದುರಿಗೇ ಕಾಣುತ್ತದೆ.